ಮಾರ್ಚ್ 31ರಂದು ಸದಸ್ಯರು ಯಾರು? ಸಂಘದ ಸದಸ್ಯತ್ವವನ್ನು ಜಾಲತಾಣದಲ್ಲಿ ನಿರ್ವಹಿಸುವ ಬಗೆ

ಸಂಘಕ್ಕೊಂದು ಜಾಲತಾಣ ಬೇಕೆಂಬ ಮಾತು ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಬಂದಾಗ ಚರ್ಚೆಯೆಲ್ಲ ಸಾಮಾನ್ಯವಾಗಿ ಮುಖಪುಟದ ಚಿತ್ರ, ಲಾಂಛನ, ರಾಜ್ಯೋತ್ಸವದ ಫೋಟೊಗಳು ಮತ್ತು ‘ಸದಸ್ಯರಾಗಿ’ ಎಂಬ ಗುಂಡಿಯ ಸುತ್ತಲೇ ನಡೆಯುತ್ತದೆ. ಸದಸ್ಯತ್ವದ ನಿರ್ವಹಣೆಗೆ ಇವುಗಳಿಂದ ಆಗುವ ಉಪಯೋಗ ಅಷ್ಟಕ್ಕಷ್ಟೆ. ಸಂಘದ ಕಾರ್ಯದರ್ಶಿಗೂ ಖಜಾಂಚಿಗೂ ವರ್ಷಕ್ಕೊಮ್ಮೆಯಾದರೂ ಎದುರಾಗುವ ಪ್ರಶ್ನೆ ಒಂದೇ: ಇಂಥ ದಿನಾಂಕದಂದು ಈ ಸಂಘದ ಸದಸ್ಯರು ಯಾರು? ಮಹಾಸಭೆಯ ನೋಟಿಸು ಯಾರಿಗೆ ಹೋಗಬೇಕು, ಯಾರು ಮತ ಹಾಕಬಹುದು, ಯಾರು ಸ್ಪರ್ಧಿಸಬಹುದು, ಕೋರಂಗೆ, ಅಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಾತಿಗೆ, ಎಷ್ಟು ಜನ ಬೇಕು ಎಂಬುದೆಲ್ಲವೂ ಆ ಒಂದು ಉತ್ತರದ ಮೇಲೆ ನಿಂತಿದೆ. ಆ ಉತ್ತರವನ್ನು ಯಾರು ಕೇಳಿದರೂ, ಯಾವ ಹಳೆಯ ದಿನಾಂಕಕ್ಕೆ ಕೇಳಿದರೂ, ತಕರಾರಿಗೆ ಎಡೆಯಿಲ್ಲದಂತೆ ಕೊಡಬಲ್ಲ ವ್ಯವಸ್ಥೆಯನ್ನೇ ಈ ಲೇಖನದಲ್ಲಿ ಸದಸ್ಯತ್ವ ನಿರ್ವಹಣೆಯ ಜಾಲತಾಣ ಎಂದು ಕರೆಯಲಾಗಿದೆ.

ಕರ್ನಾಟಕದಲ್ಲಿರುವ ಕನ್ನಡ ಸಂಘಗಳು, ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘಗಳು, ನಾಟಕ ಮಂಡಳಿಗಳು ಮತ್ತು ಹಳೆಯ ವಿದ್ಯಾರ್ಥಿಗಳ ಸಂಘಗಳಲ್ಲಿ ಹೆಚ್ಚಿನವು ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿಯಲ್ಲಿ ನೋಂದಾಯಿತವಾದಂಥವು. ಅವು ಪ್ರತಿವರ್ಷ ಸರ್ವಸದಸ್ಯರ ಸಭೆ ನಡೆಸಿ, ಪದಾಧಿಕಾರಿಗಳ ಪಟ್ಟಿಯನ್ನೂ ಲೆಕ್ಕಪರಿಶೋಧನೆಯಾದ ಜಮಾಖರ್ಚನ್ನೂ ಜಿಲ್ಲೆಯ ಸಂಘಗಳ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಹೊರರಾಜ್ಯಗಳಲ್ಲಿರುವ ಅನೇಕ ಕನ್ನಡ ಸಂಘಗಳಿಗೆ ಅನ್ವಯಿಸುವ 1860ರ ಕೇಂದ್ರ ಕಾಯ್ದೆ ಇನ್ನೂ ಒಂದು ಮಾತನ್ನು ನೇರವಾಗಿ ಹೇಳುತ್ತದೆ: ಮೂರು ತಿಂಗಳಿಗಿಂತ ಹೆಚ್ಚು ಕಾಲ ಚಂದಾ ಬಾಕಿ ಉಳಿಸಿಕೊಂಡವರಿಗೆ ಮತದಾನದ ಹಕ್ಕಿಲ್ಲ, ಅವರನ್ನು ಸದಸ್ಯರೆಂದು ಎಣಿಸುವಂತೆಯೂ ಇಲ್ಲ. ಅಂದರೆ ‘ಸದಸ್ಯ’ ಎನ್ನುವುದು ಒಮ್ಮೆ ದೊರೆತು ಹಾಗೆಯೇ ಉಳಿಯುವ ಬಿರುದಲ್ಲ. ದಿನಾಂಕದೊಂದಿಗೆ ಬದಲಾಗುವ ಸ್ಥಿತಿ. ಜಾಲತಾಣ ಕಟ್ಟುವವರು ಮೊದಲು ಅರ್ಥಮಾಡಿಕೊಳ್ಳಬೇಕಾದದ್ದು ಇದನ್ನು. ಆದ್ದರಿಂದ ಕೆಲಸ ಕಂಪ್ಯೂಟರಿನ ಮುಂದೆ ಆರಂಭವಾಗುವುದಿಲ್ಲ, ಸಂಘದ ನಿಯಮಾವಳಿಯಾದ ಬೈಲಾದಿಂದ ಆರಂಭವಾಗುತ್ತದೆ.

ಬೈಲಾವನ್ನು ಪೆನ್ಸಿಲು ಹಿಡಿದು ಓದಿದರೆ ಯಂತ್ರಕ್ಕೆ ಹೇಳಲು ಸಾಧ್ಯವೇ ಇಲ್ಲದ ಅನೇಕ ಅಸ್ಪಷ್ಟ ಮಾತುಗಳು ಸಿಗುತ್ತವೆ. ‘ಸದಸ್ಯತ್ವದ ಅವಧಿ ಒಂದು ವರ್ಷ’ ಎಂದಿರುತ್ತದೆ. ಅದು ಹಣ ಕಟ್ಟಿದ ದಿನದಿಂದ ಹನ್ನೆರಡು ತಿಂಗಳೋ, ಏಪ್ರಿಲ್ 1ರಿಂದ ಮಾರ್ಚ್ 31ರವರೆಗಿನ ಆರ್ಥಿಕ ವರ್ಷವೋ ಎಂಬುದು ಇರುವುದಿಲ್ಲ. ‘ಕುಟುಂಬ ಸದಸ್ಯತ್ವ’ ಎಂದಿರುತ್ತದೆ. ಗಂಡ ಹೆಂಡತಿ ಇಬ್ಬರಿಗೂ ಸೇರಿ ಒಂದು ಮತವೋ ಇಬ್ಬರಿಗೂ ಒಂದೊಂದು ಮತವೋ, ಮಗಳಿಗೆ ಹದಿನೆಂಟು ತುಂಬಿದ ಮೇಲೆ ಆಕೆ ಅದೇ ಸದಸ್ಯತ್ವದಲ್ಲಿ ಮುಂದುವರಿಯಬಹುದೋ, ಯಜಮಾನರು ತೀರಿಕೊಂಡರೆ ಸದಸ್ಯತ್ವ ಯಾರ ಹೆಸರಿಗೆ ಹೋಗುತ್ತದೋ ಸ್ಪಷ್ಟವಿರುವುದಿಲ್ಲ. ಕೈಬರಹದ ವಹಿಯಲ್ಲಿ ಇಂಥ ಅಸ್ಪಷ್ಟತೆ ನಡೆದುಹೋಗುತ್ತಿತ್ತು, ಏಕೆಂದರೆ ಪ್ರತಿ ಪ್ರಸಂಗದಲ್ಲಿಯೂ ಹಿರಿಯ ಕಾರ್ಯದರ್ಶಿಯೊಬ್ಬರು ‘ನಮ್ಮಲ್ಲಿ ಹೀಗೆ ನಡೆದುಕೊಂಡು ಬಂದಿದೆ’ ಎಂದು ತೀರ್ಮಾನ ಹೇಳುತ್ತಿದ್ದರು. ಜಾಲತಾಣಕ್ಕೆ ಆ ಹಿರಿಯರ ನೆನಪು ಇಲ್ಲ. ಉತ್ತರ ಸಿಗದ ಪ್ರಶ್ನೆಗಳನ್ನೆಲ್ಲ ಸಮಿತಿಯ ಮುಂದಿಟ್ಟು, ಠರಾವು ಮಾಡಿಸಿ, ಅಗತ್ಯವಿದ್ದರೆ ಬೈಲಾ ತಿದ್ದುಪಡಿಯನ್ನೇ ಮಾಡಿಸಿಕೊಂಡು ಮುಂದುವರಿಯುವುದು ಒಳ್ಳೆಯದು. ಹಾಗೆ ಮಾಡದಿದ್ದರೆ ಸಂಘದ ನಿಯಮವನ್ನು ತಂತ್ರಾಂಶ ಬರೆಯುವ ಹುಡುಗನೊಬ್ಬ ತನಗೆ ತೋಚಿದಂತೆ ನಿರ್ಧರಿಸಿಬಿಡುತ್ತಾನೆ, ಮತ್ತು ಆ ನಿರ್ಧಾರ ಚುನಾವಣೆಯ ಹಿಂದಿನ ದಿನದವರೆಗೆ ಯಾರ ಕಣ್ಣಿಗೂ ಬೀಳುವುದಿಲ್ಲ.

ನಿಯಮಗಳು ಸ್ಪಷ್ಟವಾದ ಮೇಲೆ ದಾಖಲೆಯ ರಚನೆಗೆ ಬರಬಹುದು. ಬಹುತೇಕ ಸಂಘಗಳಲ್ಲಿ ಈಗ ಇರುವುದು ಒಂದು ಎಕ್ಸೆಲ್ ಹಾಳೆ: ಸಾಲಿಗೊಬ್ಬ ಸದಸ್ಯ, ಹೆಸರು, ವಿಳಾಸ, ಫೋನು, ಸದಸ್ಯತ್ವದ ಬಗೆ, ಆಮೇಲೆ ವರ್ಷಕ್ಕೊಂದು ಅಂಕಣ, ಅದರಲ್ಲಿ ‘ಸಂದಾಯ’ ಎಂಬ ಗುರುತು. ನೂರು ಜನರವರೆಗೆ ಇದು ಸಾಕಾಗುತ್ತದೆ. ಅದರಾಚೆಗೆ ಇದು ಕೈಕೊಡುವುದಕ್ಕೆ ಕಾರಣ, ಮೂರು ಬೇರೆಬೇರೆ ಸಂಗತಿಗಳನ್ನು ಅದು ಒಂದೇ ಸಾಲಿನಲ್ಲಿ ತುರುಕುತ್ತದೆ ಎಂಬುದು. ವ್ಯಕ್ತಿ ಬೇರೆ, ಆ ವ್ಯಕ್ತಿಗೆ ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ ಇರುವ ಸದಸ್ಯತ್ವ ಬೇರೆ, ಆ ಸದಸ್ಯತ್ವಕ್ಕಾಗಿ ಬಂದ ಹಣ ಬೇರೆ. ಉದಾಹರಣೆಗೆ, 214ನೆಯ ಸಂಖ್ಯೆಯ ಸದಸ್ಯೆಯೊಬ್ಬರು 2019ರಲ್ಲಿ ₹500 ಕಟ್ಟಿ ವಾರ್ಷಿಕ ಸದಸ್ಯರಾದರು, 2020 ಮತ್ತು 2021ರಲ್ಲಿ ನವೀಕರಿಸಲಿಲ್ಲ, 2022ರಲ್ಲಿ ಮತ್ತೆ ಕಟ್ಟಿದರು, 2024ರ ಆಗಸ್ಟಿನಲ್ಲಿ ₹5,000 ಕೊಟ್ಟು ಆಜೀವ ಸದಸ್ಯರಾದರು ಎಂದಿಟ್ಟುಕೊಳ್ಳಿ. ಎಕ್ಸೆಲ್‌ನಲ್ಲಿ ‘ವಾರ್ಷಿಕ’ ಎಂಬುದನ್ನು ಅಳಿಸಿ ‘ಆಜೀವ’ ಎಂದು ಬರೆದ ಕ್ಷಣಕ್ಕೆ ಅವರು ಹುಟ್ಟಾ ಆಜೀವ ಸದಸ್ಯರಂತೆ ಕಾಣತೊಡಗುತ್ತಾರೆ. ‘ಸ್ಪರ್ಧಿಸುವವರು ಸತತ ಮೂರು ವರ್ಷ ಸದಸ್ಯರಾಗಿರಬೇಕು’ ಎಂಬ ನಿಯಮವಿರುವ ಸಂಘದಲ್ಲಿ ಈ ಒಂದು ಅಳಿಸುವಿಕೆ ನಾಮಪತ್ರದ ತಕರಾರಾಗಿ ನೋಂದಣಾಧಿಕಾರಿಯ ಕಚೇರಿಯವರೆಗೆ ಹೋಗಬಹುದು. ಸರಿಯಾಗಿ ಕಟ್ಟಿದ ವ್ಯವಸ್ಥೆಯಲ್ಲಿ ಆ ಸದಸ್ಯೆಗೆ ವ್ಯಕ್ತಿಯಾಗಿ ಒಂದೇ ದಾಖಲೆ, ಅದಕ್ಕೆ ಅಂಟಿದಂತೆ ಆರಂಭ ಮತ್ತು ಮುಕ್ತಾಯದ ದಿನಾಂಕವಿರುವ ಮೂರು ಸದಸ್ಯತ್ವದ ದಾಖಲೆಗಳು, ಪ್ರತಿಯೊಂದಕ್ಕೂ ಅದರದೇ ರಸೀದಿ ಇರುತ್ತದೆ. ಹಳೆಯದನ್ನು ಯಾರೂ ತಿದ್ದುವುದಿಲ್ಲ, ಹೊಸದನ್ನು ಸೇರಿಸುತ್ತಾರೆ.

ಇದರ ಜೊತೆಗೆ ಇನ್ನೊಂದು ಶಿಸ್ತು ಬೇಕು. ‘ಚಾಲ್ತಿ’, ‘ಬಾಕಿ’, ‘ಮುಗಿದಿದೆ’ ಎಂಬ ಸ್ಥಿತಿಯನ್ನು ಯಾರೂ ಕೈಯಿಂದ ಬರೆಯಬಾರದು. ದಿನಾಂಕಗಳನ್ನು ನೋಡಿ ತಂತ್ರಾಂಶವೇ ಅದನ್ನು ಲೆಕ್ಕಹಾಕಬೇಕು. ಲಾಭರಹಿತ ಸಂಸ್ಥೆಗಳಿಗೆಂದೇ 2005ರಿಂದ ಬೆಳೆದುಬಂದಿರುವ ಮುಕ್ತ ತಂತ್ರಾಂಶ ಸಿವಿಸಿಆರ್‌ಎಂ ಈ ಕ್ರಮವನ್ನೇ ಅನುಸರಿಸುತ್ತದೆ: ಹೊಸ, ಚಾಲ್ತಿಯಲ್ಲಿರುವ, ನವೀಕರಣಕ್ಕೆ ಕೊಟ್ಟ ಹೆಚ್ಚುವರಿ ದಿನಗಳಲ್ಲಿರುವ ಮತ್ತು ಅವಧಿ ಮುಗಿದ ಎಂಬ ಸ್ಥಿತಿಗಳ ನಿಯಮಗಳನ್ನು ಒಮ್ಮೆ ಹೇಳಿಕೊಟ್ಟರೆ ದಿನ ಕಳೆದಂತೆ ಸದಸ್ಯರು ತಾವಾಗಿಯೇ ಒಂದರಿಂದ ಇನ್ನೊಂದಕ್ಕೆ ಸರಿಯುತ್ತಾರೆ. ಸ್ನೇಹಕ್ಕಾಗಿ ಒಬ್ಬರನ್ನು ಚಾಲ್ತಿಯಲ್ಲಿ ಉಳಿಸುವುದೂ ಸಿಟ್ಟಿಗೆ ಇನ್ನೊಬ್ಬರನ್ನು ಕೈಬಿಡುವುದೂ ಇಲ್ಲಿ ಸುಲಭವಲ್ಲ ಎಂಬುದು ಸಣ್ಣ ಲಾಭವೇನಲ್ಲ.

ದಿನಾಂಕದ ಮಾತು ಬಂದಾಗ ಒಂದು ಸೂಕ್ಷ್ಮವನ್ನು ಹೇಳಲೇಬೇಕು. ಜಾಲತಾಣಗಳ ಸರ್ವರ್‌ಗಳು ಅನೇಕ ವೇಳೆ ಸಮಯವನ್ನು ಯುಟಿಸಿ ಎಂಬ ಅಂತರರಾಷ್ಟ್ರೀಯ ಕಾಲಮಾನದಲ್ಲಿ ದಾಖಲಿಸುತ್ತವೆ, ಮತ್ತು ಭಾರತೀಯ ಕಾಲಮಾನ ಅದಕ್ಕಿಂತ ಐದೂವರೆ ಗಂಟೆ ಮುಂದಿದೆ. ಏಪ್ರಿಲ್ 1ರ ಬೆಳಗಿನ ಜಾವ ಎರಡು ಗಂಟೆಗೆ ಒಬ್ಬರು ಹೊಸ ವರ್ಷದ ಚಂದಾ ಕಟ್ಟಿದರೆ ಸರ್ವರ್‌ನ ಪುಸ್ತಕದಲ್ಲಿ ಅದು ಮಾರ್ಚ್ 31ರ ರಾತ್ರಿ ಎಂಟೂವರೆ ಗಂಟೆಯ ಹಣವಾಗಿ ಬೀಳುತ್ತದೆ, ಮತ್ತು ಅಂದೇ ಮುಗಿಯುವ ಹಳೆಯ ವರ್ಷದ ಖಾತೆಗೆ ಸೇರಿಹೋಗುತ್ತದೆ. ಬೆಳಗಿನ ಜಾವ ಚಂದಾ ಕಟ್ಟುವವರು ಯಾರು ಎಂದು ಕೇಳಬಹುದು. ನವೀಕರಣಕ್ಕೆ ಮಾರ್ಚ್ 31 ಕೊನೆಯ ದಿನವೆಂದು ಸಾರಿದ ಸಂಘದಲ್ಲಿ ಅಂದು ರಾತ್ರಿಯೇ ಗುಂಪುಗುಂಪಾಗಿ ಕಟ್ಟುವವರಿರುತ್ತಾರೆ. ಅಮೆರಿಕದಲ್ಲಿರುವ ಊರಿನ ಸದಸ್ಯರಿಗಂತೂ ಅದು ಹಗಲು. ಕಾಲವಲಯವನ್ನು ಭಾರತಕ್ಕೆ ಹೊಂದಿಸುವುದು ಒಂದು ನಿಮಿಷದ ಕೆಲಸವಾದರೂ ಅದನ್ನು ಮೊದಲ ದಿನವೇ ಮಾಡಬೇಕು.

ಇನ್ನು ಅರ್ಜಿ. ಅಂಗಡಿಯ ಜಾಲತಾಣದಲ್ಲಿ ಹಣ ಕೊಟ್ಟ ಕೂಡಲೇ ವಸ್ತು ನಮ್ಮದಾಗುತ್ತದೆ. ಸಂಘದಲ್ಲಿ ಹಾಗಲ್ಲ, ಬಹುಪಾಲು ಬೈಲಾಗಳ ಪ್ರಕಾರ ಅರ್ಜಿಯನ್ನು ಕಾರ್ಯಕಾರಿ ಸಮಿತಿ ಪರಿಶೀಲಿಸಿ ಅಂಗೀಕರಿಸಿದ ಮೇಲೆಯೇ ಸದಸ್ಯತ್ವ. ಸಿದ್ಧ ತಂತ್ರಾಂಶಗಳಲ್ಲಿ ಹೆಚ್ಚಿನವು ಅಂಗಡಿಯ ಕ್ರಮವನ್ನೇ ಅನುಸರಿಸಿ, ಹಣ ಬಂದ ಕೂಡಲೇ ‘ಅಭಿನಂದನೆಗಳು, ನೀವೀಗ ಸದಸ್ಯರು’ ಎಂಬ ಮಿಂಚಂಚೆಯನ್ನು ಕಳಿಸಿಬಿಡುತ್ತವೆ. ಆಮೇಲೆ ಸಮಿತಿ ಅರ್ಜಿಯನ್ನು ತಿರಸ್ಕರಿಸಿದರೆ ಅರ್ಜಿದಾರರ ಕೈಯಲ್ಲಿ ಸಂಘದ್ದೇ ಬರವಣಿಗೆಯ ಸಾಕ್ಷಿ ಇರುತ್ತದೆ. ಅರ್ಜಿಯನ್ನು ಮೊದಲು ‘ಪರಿಶೀಲನೆಯಲ್ಲಿದೆ’ ಎಂಬ ಸ್ಥಿತಿಯಲ್ಲಿ ನಿಲ್ಲಿಸಿ, ಸಮಿತಿಯ ಒಪ್ಪಿಗೆಯ ದಿನಾಂಕವನ್ನೂ ಠರಾವಿನ ಸಂಖ್ಯೆಯನ್ನೂ ದಾಖಲಿಸಿದ ಮೇಲೆ ಹಣ ಕಟ್ಟುವ ಕೊಂಡಿಯನ್ನು ಕಳಿಸುವುದು ನನಗೆ ಹೆಚ್ಚು ಸರಿಯೆನಿಸುತ್ತದೆ. ನಾಲ್ಕಾರು ಜನ ಆ ನಡುವೆ ಆಸಕ್ತಿ ಕಳೆದುಕೊಳ್ಳಬಹುದು. ಮರುಪಾವತಿಯ ರಗಳೆಗಿಂತ ಅದು ಮೇಲು.

ಅರ್ಜಿ ನಮೂನೆಯಲ್ಲಿ ಏನು ಕೇಳಬೇಕು ಎಂಬಲ್ಲಿಯೂ ಹೊರಗಿನಿಂದ ಬಂದ ತಂತ್ರಾಂಶಗಳು ಕನ್ನಡಿಗರ ಹೆಸರಿಗೆ ಹೊಂದುವುದಿಲ್ಲ. ಮೊದಲ ಹೆಸರು, ಕೊನೆಯ ಹೆಸರು ಎಂಬ ಎರಡು ಕಡ್ಡಾಯ ಚೌಕಗಳನ್ನು ಕಂಡಾಗ ಊರು, ತಂದೆಯ ಹೆಸರುಗಳ ಇನಿಶಿಯಲ್ ಇಟ್ಟುಕೊಂಡವರು ಎರಡನೆಯ ಚೌಕದಲ್ಲಿ ಒಂದು ಚುಕ್ಕಿಯನ್ನೋ ತಮ್ಮ ಹೆಸರನ್ನೇ ಇನ್ನೊಮ್ಮೆಯೋ ಬರೆಯುತ್ತಾರೆ. ಮಹಾಸಭೆಯ ಪಟ್ಟಿಯಲ್ಲಿ ಅದು ಹಾಗೆಯೇ ಅಚ್ಚಾಗುತ್ತದೆ. ‘ಗುರುತಿನ ಚೀಟಿಯಲ್ಲಿ ಅಚ್ಚಾಗಬೇಕಾದ ಹೆಸರು’ ಎಂದು ಒಂದೇ ಚೌಕವನ್ನು ಕನ್ನಡಕ್ಕೂ ಇನ್ನೊಂದನ್ನು ಇಂಗ್ಲಿಷಿಗೂ ಇಟ್ಟರೆ ತೊಂದರೆ ತೀರುತ್ತದೆ. ಎರಡೂ ಬೇಕಾಗುವುದೇಕೆಂದರೆ, ಒಂದೇ ಮಂಜುನಾಥ ಇಂಗ್ಲಿಷಿನಲ್ಲಿ ಮೂರು ನಾಲ್ಕು ಕಾಗುಣಿತಗಳಲ್ಲಿ ಬರುತ್ತಾರೆ, ಹುಡುಕುವಾಗ ಸಿಗುವುದಿಲ್ಲ. ಫೋನ್ ಸಂಖ್ಯೆಯನ್ನು ಸದಸ್ಯರ ಗುರುತಾಗಿ ಬಳಸುವುದೂ ಬೇಡ, ಏಕೆಂದರೆ ಹಿರಿಯ ದಂಪತಿಗಳಿಬ್ಬರೂ ಒಂದೇ ಮೊಬೈಲನ್ನು ಬರೆಸಿರುತ್ತಾರೆ, ಕೆಲವೊಮ್ಮೆ ಅದು ಮಗನ ಮೊಬೈಲು. ಪ್ರತಿ ವ್ಯಕ್ತಿಗೂ ಒಂದು ಸದಸ್ಯ ಸಂಖ್ಯೆ ಕೊಟ್ಟು, ಅವರು ಬಿಟ್ಟುಹೋದರೂ ತೀರಿಕೊಂಡರೂ ಅದನ್ನು ಮತ್ತೊಬ್ಬರಿಗೆ ಕೊಡದಿರುವುದು ಹಳೆಯ ಪದ್ಧತಿ. ಜಾಲತಾಣದಲ್ಲಿಯೂ ಅದೇ ಸರಿ.

ಹಳೆಯ ಪಟ್ಟಿಯನ್ನು ಹೊಸ ವ್ಯವಸ್ಥೆಗೆ ಸಾಗಿಸುವುದು ಬೇಸರದ ಕೆಲಸ. ಇಡೀ ಯೋಜನೆಯಲ್ಲಿ ಹೆಚ್ಚು ಸಮಯ ತಿನ್ನುವುದೂ ಅದೇ. ಎರಡು ದಶಕಗಳ ಹಿಂದಿನ ಪಟ್ಟಿಗಳು ನುಡಿ ಅಥವಾ ಬರಹದ ಹಳೆಯ ಫಾಂಟುಗಳಲ್ಲಿ ಇರುತ್ತವೆ. ಆ ಫಾಂಟುಗಳಲ್ಲಿ ಕನ್ನಡ ಅಕ್ಷರದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಿರುವುದರಿಂದ ಜಾಲತಾಣಕ್ಕೆ ನಕಲಿಸಿದ ಕೂಡಲೇ ಹೆಸರುಗಳೆಲ್ಲ ಅರ್ಥವಿಲ್ಲದ ಚಿಹ್ನೆಗಳಾಗುತ್ತವೆ. ಪರಿವರ್ತಕ ತಂತ್ರಾಂಶದಿಂದ, ಎಲ್ಲ ಕಂಪ್ಯೂಟರುಗಳೂ ಒಂದೇ ರೀತಿ ಓದುವ ಯೂನಿಕೋಡ್ ಸಂಕೇತಕ್ಕೆ ಬದಲಿಸಿ, ಅರ್ಕಾವತ್ತು ಮತ್ತು ಒತ್ತಕ್ಷರಗಳಿರುವ ಹೆಸರುಗಳನ್ನು ಒಬ್ಬರು ಕೂತು ಕಣ್ಣಿನಿಂದಲೇ ನೋಡಬೇಕು. ಯೂನಿಕೋಡ್ ಪಟ್ಟಿಯನ್ನೂ ಸಿಎಸ್‌ವಿ (ಅಲ್ಪವಿರಾಮಗಳಿಂದ ಅಂಕಣಗಳನ್ನು ಬೇರ್ಪಡಿಸಿದ ಸರಳ ಪಠ್ಯ) ಕಡತವಾಗಿ ಎಕ್ಸೆಲ್‌ನಲ್ಲಿ ನೇರವಾಗಿ ತೆರೆದರೆ ಕನ್ನಡ ಕೆಟ್ಟಂತೆ ಕಾಣಬಹುದು. ಕಡತ ಕೆಟ್ಟಿರುವುದಿಲ್ಲ, ಯೂನಿಕೋಡನ್ನು ಕಡತದಲ್ಲಿ ಬರೆಯುವ ಬಗೆಯಾದ ಯುಟಿಎಫ್-8 ಇದು ಎಂದು ಎಕ್ಸೆಲ್‌ಗೆ ಹೇಳಿ ತೆರೆಯಬೇಕಷ್ಟೆ. ಹಾಗೆ ಕೆಟ್ಟಂತೆ ಕಾಣುವ ಕಡತವನ್ನೇ ‘ಸೇವ್’ ಮಾಡಿಬಿಟ್ಟರೆ ಮಾತ್ರ ನಿಜವಾಗಿಯೂ ಕೆಡುತ್ತದೆ. 03/04/2018 ಎಂಬಂಥ ದಿನಾಂಕಗಳನ್ನು ಅಮೆರಿಕದ ಕ್ರಮದಲ್ಲಿ ಮಾರ್ಚ್ 4 ಎಂದು ಓದುವ ತಂತ್ರಾಂಶಗಳಿವೆ ಎಂಬುದನ್ನೂ ಸಾಗಿಸುವ ಮುಂಚೆ ಪರೀಕ್ಷಿಸಿಕೊಳ್ಳಬೇಕು.

ಹಣದ ಭಾಗವೇ ಖಜಾಂಚಿಗೆ ಮುಖ್ಯ. 2016ರಲ್ಲಿ ಯುಪಿಐ ಬಂದ ಮೇಲೆ ಸಂಘದ ಬ್ಯಾಂಕ್ ಖಾತೆಯ ಕ್ಯೂಆರ್ ಕೋಡನ್ನು ಜಾಲತಾಣದಲ್ಲಿ ಹಾಕಿ ಸುಮ್ಮನಾಗುವ ಸಂಘಗಳೇ ಹೆಚ್ಚು. ಅದಕ್ಕೆ ಖರ್ಚಿಲ್ಲ, ಹಣ ತಕ್ಷಣ ಖಾತೆಗೆ ಬರುತ್ತದೆ. ಆದರೆ ಬ್ಯಾಂಕಿನ ತಃಖ್ತೆಯಲ್ಲಿ ಕಾಣುವುದು ಹಣ ಕಳಿಸಿದವರ ಹೆಸರು. ಅಪ್ಪನ ಚಂದಾವನ್ನು ಮಗಳು ತನ್ನ ಫೋನಿನಿಂದ ಕಳಿಸಿದ್ದರೆ ಆ ₹500 ಯಾರ ಲೆಕ್ಕಕ್ಕೆ ಎಂಬುದು ತಿಳಿಯುವುದಿಲ್ಲ. ಸದಸ್ಯರ ಸಂಖ್ಯೆ ಕಡಿಮೆಯಿದ್ದರೆ ನಮೂನೆಯಲ್ಲಿ ಸದಸ್ಯ ಸಂಖ್ಯೆಯ ಜೊತೆ ಯುಪಿಐನ ಹನ್ನೆರಡು ಅಂಕಿಗಳ ವಹಿವಾಟು ಸಂಖ್ಯೆಯನ್ನು ಬರೆಸಿಕೊಂಡು, ವಾರಕ್ಕೊಮ್ಮೆ ಬ್ಯಾಂಕ್ ತಃಖ್ತೆಯೊಂದಿಗೆ ತಾಳೆ ನೋಡಿದರೆ ಸಾಕು. ಸ್ಕ್ರೀನ್‌ಶಾಟನ್ನು ಮಾತ್ರ ಪುರಾವೆಯೆಂದು ಒಪ್ಪಬಾರದು. ಅದನ್ನು ತಿದ್ದಲು ಈಗ ಹೆಚ್ಚಿನ ವಿದ್ಯೆ ಬೇಕಿಲ್ಲ.

ಸದಸ್ಯರು ಹೆಚ್ಚಿದ್ದರೆ ಪೇಮೆಂಟ್ ಗೇಟ್‌ವೇ, ಅಂದರೆ ಜಾಲತಾಣದ ಪರವಾಗಿ ಆನ್‌ಲೈನ್ ಹಣ ಪಡೆದು ಬ್ಯಾಂಕ್ ಖಾತೆಗೆ ಸೇರಿಸುವ ಸೇವೆ, ಬೇಕಾಗುತ್ತದೆ. ಸದಸ್ಯರು ಕಟ್ಟುವ ಗುಂಡಿಯನ್ನು ಒತ್ತಿದಾಗ ಜಾಲತಾಣ ಗೇಟ್‌ವೇಯಿಂದ ಒಂದು ಆರ್ಡರ್ ಸಂಖ್ಯೆಯನ್ನು ಪಡೆದು, ಅದನ್ನು ಸದಸ್ಯ ಸಂಖ್ಯೆಗೆ ಕಟ್ಟಿಡುತ್ತದೆ. ಹಣ ಸಂದಾಯವಾದ ಮೇಲೆ ಗೇಟ್‌ವೇಯ ಸರ್ವರ್ ಸಂಘದ ಸರ್ವರ್‌ಗೆ ನೇರವಾಗಿ ಒಂದು ಸಂದೇಶವನ್ನು ಕಳಿಸುತ್ತದೆ. ಈ ಸಂದೇಶವನ್ನು ವೆಬ್‌ಹುಕ್ ಎನ್ನುತ್ತಾರೆ. ರಸೀದಿ ಹುಟ್ಟಬೇಕಾದದ್ದು ಈ ಸಂದೇಶದಿಂದ, ಸದಸ್ಯರ ಪರದೆಯ ಮೇಲೆ ಕಾಣುವ ‘ಧನ್ಯವಾದ’ ಪುಟದಿಂದಲ್ಲ. ಹಣ ಹೋದ ಮರುಕ್ಷಣ ನೆಟ್‌ವರ್ಕ್ ಕೈಕೊಟ್ಟರೆ ಆ ಪುಟ ತೆರೆಯುವುದೇ ಇಲ್ಲ; ಹಣ ಹೋಗದೆಯೇ ಆ ಪುಟದ ವಿಳಾಸವನ್ನು ಟೈಪಿಸಿ ತೆರೆಯುವುದು ಕೆಟ್ಟದಾಗಿ ಬರೆದ ಜಾಲತಾಣಗಳಲ್ಲಿ ಸಾಧ್ಯ. ವೆಬ್‌ಹುಕ್‌ನ ಸಹಿಯನ್ನು ಪರಿಶೀಲಿಸಿ ಅದು ನಿಜವಾಗಿಯೂ ಗೇಟ್‌ವೇಯಿಂದಲೇ ಬಂದದ್ದೆಂದು ಖಚಿತಪಡಿಸಿಕೊಳ್ಳಬೇಕು. ಒಂದೇ ಸಂದೇಶ ಎರಡು ಬಾರಿ ಬರುವುದು ಸಾಮಾನ್ಯವಾದ್ದರಿಂದ, ಒಂದು ಪಾವತಿ ಸಂಖ್ಯೆಗೆ ಒಂದೇ ರಸೀದಿ ಎಂಬ ಕಟ್ಟುಪಾಡನ್ನೂ ದಾಖಲೆಯಲ್ಲಿಯೇ ಹಾಕಿಡಬೇಕು. ಇಲ್ಲದಿದ್ದರೆ ₹500 ಕೊಟ್ಟವರಿಗೆ ಎರಡು ವರ್ಷದ ಸದಸ್ಯತ್ವ ಸಿಕ್ಕಿಬಿಡುತ್ತದೆ, ಮತ್ತು ಅವರು ಅದನ್ನು ಹೇಳಲಿಕ್ಕೆ ಬರುವುದಿಲ್ಲ.

ಗೇಟ್‌ವೇಯಿಂದ ಬರುವ ಹಣ ಸದಸ್ಯರು ಕಟ್ಟಿದ ಮೊತ್ತಕ್ಕೆ ಸರಿಹೊಂದುವುದಿಲ್ಲ ಎಂಬುದು ಹೊಸ ಖಜಾಂಚಿಗಳನ್ನು ಗಾಬರಿಗೊಳಿಸುವ ಸಂಗತಿ. ಒಂದು ದಿನ ಹತ್ತು ಜನ ತಲಾ ₹500ರಂತೆ ₹5,000 ಕಟ್ಟಿದರು, ಗೇಟ್‌ವೇಯ ಶುಲ್ಕ ಶೇ 2 ಎಂದಿಟ್ಟುಕೊಳ್ಳೋಣ. ಶುಲ್ಕ ₹100, ಆ ಶುಲ್ಕದ ಮೇಲೆ ಶೇ 18ರ ಜಿಎಸ್‌ಟಿ ₹18, ಬ್ಯಾಂಕ್ ಖಾತೆಗೆ ಒಂದೆರಡು ದಿನದ ನಂತರ ಒಟ್ಟಾಗಿ ಬರುವುದು ₹4,882. ಜಮಾಖರ್ಚಿನಲ್ಲಿ ₹4,882 ಆದಾಯವೆಂದು ಬರೆಯುವುದು ತಪ್ಪು. ಸದಸ್ಯತ್ವ ಶುಲ್ಕದ ಆದಾಯ ₹5,000, ವಸೂಲಿಯ ಖರ್ಚು ₹118 ಎಂದು ಎರಡು ಕಡೆ ಬರೆಯಬೇಕು; ಆಗಲೇ ಹತ್ತು ರಸೀದಿಗಳ ಮೊತ್ತವೂ ಲೆಡ್ಜರೂ ಬ್ಯಾಂಕಿನ ತಃಖ್ತೆಯೂ ಲೆಕ್ಕಪರಿಶೋಧಕರ ಮುಂದೆ ಒಂದಕ್ಕೊಂದು ಕೂಡಿಬರುತ್ತವೆ. ಆಜೀವ ಸದಸ್ಯತ್ವದ ಹಣವನ್ನು ಅನೇಕ ಸಂಘಗಳು ಆ ವರ್ಷದ ಆದಾಯವೆಂದು ಎಣಿಸದೆ ಮೂಲನಿಧಿಗೆ ಸೇರಿಸುತ್ತವೆ. ಅಂಥ ನಿಯಮವಿದ್ದರೆ ಸದಸ್ಯತ್ವದ ಬಗೆಗೆ ತಕ್ಕ ಖಾತೆಯನ್ನು ಜಾಲತಾಣದಲ್ಲಿಯೇ ಗುರುತಿಸಿಡುವುದು ಸುಲಭ. ಪ್ರತಿವರ್ಷ ತಾನಾಗಿಯೇ ಹಣ ಕಡಿತವಾಗುವ ಆಟೊಪೇ ಸೌಲಭ್ಯ ಯುಪಿಐನಲ್ಲಿ 2020ರಿಂದ ಇದೆ, ಮತ್ತು ರಿಸರ್ವ್ ಬ್ಯಾಂಕಿನ ನಿಯಮದಂತೆ ಕಡಿತಕ್ಕೆ 24 ಗಂಟೆ ಮೊದಲು ಗ್ರಾಹಕರಿಗೆ ಸೂಚನೆ ಹೋಗಬೇಕು. ತಿಂಗಳ ಶುಲ್ಕವಿರುವ ಕ್ರೀಡಾ ಕ್ಲಬ್ಬುಗಳಿಗೆ ಅದು ಉಪಯುಕ್ತ. ವರ್ಷಕ್ಕೊಮ್ಮೆ ₹500 ಕಟ್ಟಿಸಿಕೊಳ್ಳುವ ಸಂಘಕ್ಕೆ ಅದರ ತಲೆನೋವು ಬೇಕಿಲ್ಲ ಎಂದು ನನ್ನ ಅಭಿಪ್ರಾಯ. ಕೊಂಡಿಯಿರುವ ಒಂದು ಜ್ಞಾಪನೆಯೇ ಸಾಕು.

ಸದಸ್ಯತ್ವದ ನಮೂನೆಯ ಕೆಳಗೆ ‘ದೇಣಿಗೆ ಕೊಡಲಿಚ್ಛಿಸುವಿರಾ?’ ಎಂಬ ಚೌಕವೊಂದನ್ನು ಸೇರಿಸುವ ಆಸೆ ಎಲ್ಲ ಸಮಿತಿಗಳಿಗೂ ಇರುತ್ತದೆ. ಇಲ್ಲಿ ಒಂದು ಎಚ್ಚರ ಬೇಕು. ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿ ಸದಸ್ಯರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಡುವ ದೇಣಿಗೆ ವಿದೇಶಿ ವಂತಿಗೆ ಎನಿಸುವುದಿಲ್ಲ. ಅಮೆರಿಕದ ಅಥವಾ ಬ್ರಿಟನ್ನಿನ ಪೌರತ್ವ ಪಡೆದವರು, ಅವರ ಬಳಿ ಸಾಗರೋತ್ತರ ಭಾರತೀಯರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ಕೊಡುವ ದೇಣಿಗೆ ವಿದೇಶಿ ವಂತಿಗೆಯಾಗುತ್ತದೆ ಮತ್ತು ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯಡಿ (ಎಫ್‌ಸಿಆರ್‌ಎ) ನೋಂದಣಿಯಾಗಲಿ ಪೂರ್ವಾನುಮತಿಯಾಗಲಿ ಇಲ್ಲದ ಸಂಘ ಅದನ್ನು ಪಡೆಯುವಂತಿಲ್ಲ. ಆದ್ದರಿಂದ ದೇಣಿಗೆಯ ಚೌಕಕ್ಕೆ ಮೊದಲು ಪೌರತ್ವದ ಪ್ರಶ್ನೆ ಇರಲೇಬೇಕು, ಹಾಗೂ ಉತ್ತರ ವಿದೇಶವಾದರೆ ಚೌಕ ತೆರೆಯಬಾರದು. ಜಿಎಸ್‌ಟಿಯ ವಿಷಯದಲ್ಲಿ ಸಾಹಿತ್ಯ, ಸಂಸ್ಕೃತಿ, ಕ್ರೀಡೆಯಂಥ ಉದ್ದೇಶಗಳ ಲಾಭರಹಿತ ಸಂಸ್ಥೆಗಳು ತಮ್ಮ ಸದಸ್ಯರಿಂದ ವರ್ಷಕ್ಕೆ ₹1,000ದವರೆಗೆ ಪಡೆಯುವ ಸದಸ್ಯತ್ವ ಶುಲ್ಕಕ್ಕೆ ವಿನಾಯಿತಿ ಇದೆ; ಅದಕ್ಕಿಂತ ಹೆಚ್ಚಿನ ಶುಲ್ಕವಿರುವ ದೊಡ್ಡ ಕ್ಲಬ್ಬುಗಳು ತಮ್ಮ ಲೆಕ್ಕಪರಿಶೋಧಕರನ್ನು ಕೇಳಿಯೇ ರಸೀದಿಯ ನಮೂನೆಯನ್ನು ಸಿದ್ಧಪಡಿಸಬೇಕು.

ಜ್ಞಾಪನೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅವಧಿ ಮುಗಿಯುವ ತಿಂಗಳ ಮುಂಚೆ ಒಂದು, ವಾರದ ಮುಂಚೆ ಒಂದು, ಮುಗಿದ ಮೇಲೆ ಒಂದು ಸಾಕು. ಕನ್ನಡದಲ್ಲಿ ಎಸ್‌ಎಂಎಸ್ ಕಳಿಸುವವರು ಮಾತ್ರ ಒಂದು ಲೆಕ್ಕವನ್ನು ತಿಳಿದಿರಬೇಕು: ಇಂಗ್ಲಿಷಿನ ಒಂದು ಸಂದೇಶದಲ್ಲಿ 160 ಅಕ್ಷರಗಳು ಹಿಡಿದರೆ ಯೂನಿಕೋಡ್ ಕನ್ನಡದಲ್ಲಿ 70 ಮಾತ್ರ, ಮತ್ತು ಅದರಲ್ಲಿ ಗುಣಿತದ ಚಿಹ್ನೆಯೂ ವಿರಾಮವೂ ಪ್ರತ್ಯೇಕವಾಗಿ ಎಣಿಕೆಯಾಗುತ್ತವೆ. ‘ಸ್ತ್ರೀ’ ಎಂಬ ಒಂದಕ್ಷರಕ್ಕೆ ಆರು ಖರ್ಚಾಗುತ್ತವೆ. ಒಂದೆಂದುಕೊಂಡ ಸಂದೇಶಕ್ಕೆ ಮೂರರ ಬಿಲ್ಲು ಬರುವುದು ಇದರಿಂದ. ಮೇಲಾಗಿ ಭಾರತದಲ್ಲಿ ಇಂಥ ಸಗಟು ಸಂದೇಶಗಳ ಮಾದರಿಯನ್ನು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ನಿಯಮದಂತೆ ಮೊದಲೇ ಡಿಎಲ್‌ಟಿ ಎಂಬ, ದೂರಸಂಪರ್ಕ ಕಂಪನಿಗಳು ನಡೆಸುವ ನೋಂದಣಿ ವ್ಯವಸ್ಥೆಯಲ್ಲಿ ನೋಂದಾಯಿಸಬೇಕಾಗುತ್ತದೆ.

ಸದಸ್ಯರ ಖಾಸಗಿ ಮಾಹಿತಿಯ ವಿಷಯದಲ್ಲಿ ಸಂಘಗಳು ತೋರುವ ಸಲಿಗೆ ಇನ್ನು ಮುಂದೆ ನಡೆಯುವಂಥದ್ದಲ್ಲ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂದಿದೆ. ಯಾವ ಮಾಹಿತಿಯನ್ನು ಯಾವ ಉದ್ದೇಶಕ್ಕೆ ಪಡೆಯುತ್ತಿದ್ದೇವೆಂದು ತಿಳಿಸಿ ಒಪ್ಪಿಗೆ ಪಡೆಯಬೇಕು, ಒಪ್ಪಿಗೆಯನ್ನು ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯಲು ಅವಕಾಶವಿರಬೇಕು, ಹದಿನೆಂಟು ತುಂಬದವರ ಮಾಹಿತಿಗೆ ತಂದೆತಾಯಿ ಅಥವಾ ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು ಎನ್ನುತ್ತದೆ ಅದು. ಆ ತಿಳಿವಳಿಕೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಯಲ್ಲಿ ಓದುವ ಆಯ್ಕೆ ಸದಸ್ಯರಿಗಿರಬೇಕೆಂದೂ ಹೇಳುವುದರಿಂದ ಕನ್ನಡದ ಪಠ್ಯ ಅಲ್ಲಿ ಅಲಂಕಾರವಲ್ಲ. ಬ್ರಿಟನ್ ಮತ್ತು ಯೂರೋಪಿನ ಕನ್ನಡ ಬಳಗಗಳಿಗೆ 2018ರಿಂದಲೂ ಜಿಡಿಪಿಆರ್ ಎಂಬ ಯೂರೋಪಿನ ದತ್ತಾಂಶ ಸಂರಕ್ಷಣಾ ನಿಯಮದ ಇಂಥದೇ ಕಟ್ಟುಪಾಡುಗಳಿವೆ. ಕಾನೂನಿನ ಮಾತು ಹಾಗಿರಲಿ, ಕೇಳದೆಯೇ ಇದ್ದ ಮಾಹಿತಿ ಎಂದೂ ಸೋರುವುದಿಲ್ಲ. ನಾಟಕ ಮಂಡಳಿಯ ಸದಸ್ಯತ್ವಕ್ಕೆ ಆಧಾರ್ ಸಂಖ್ಯೆ ಏಕೆ? ಹುಟ್ಟುಹಬ್ಬದ ಶುಭಾಶಯ ಕಳಿಸಲು ದಿನ ಮತ್ತು ತಿಂಗಳು ಸಾಕು, ಇಸವಿ ಬೇಡ.

ಸೋರಿಕೆ ಎಂದಾಗ ದೂರದ ಹ್ಯಾಕರುಗಳನ್ನು ಕಲ್ಪಿಸಿಕೊಳ್ಳುವ ಅಗತ್ಯವಿಲ್ಲ. ರಸೀದಿಯ ಪುಟದ ವಿಳಾಸ 214 ಎಂಬ ಸಂಖ್ಯೆಯಿಂದ ಕೊನೆಯಾಗುತ್ತಿದ್ದು, ಅದನ್ನು 215 ಎಂದು ತಿದ್ದಿದ ಕೂಡಲೇ ಇನ್ನೊಬ್ಬರ ಹೆಸರು, ವಿಳಾಸ, ಫೋನ್ ಸಂಖ್ಯೆಗಳು ತೆರೆದುಕೊಂಡರೆ, ಇಡೀ ಪಟ್ಟಿಯನ್ನು ಒಂದು ಸಂಜೆಯಲ್ಲಿ ಇಳಿಸಿಕೊಳ್ಳಬಹುದು. ಜಾಲತಾಣವನ್ನು ಒಪ್ಪಿಸಿಕೊಳ್ಳುವ ದಿನ ಸಮಿತಿಯವರು ಯಾವ ತಾಂತ್ರಿಕ ಜ್ಞಾನವೂ ಇಲ್ಲದೆ ಮಾಡಬಹುದಾದ ಪರೀಕ್ಷೆಯಿದು: ಒಬ್ಬ ಸದಸ್ಯರಾಗಿ ಲಾಗಿನ್ ಆಗಿ, ಮೇಲಿನ ವಿಳಾಸದ ಅಂಕಿಯನ್ನು ಬದಲಿಸಿ ನೋಡುವುದು. ‘ಕೊಂಡಿ ಇರುವ ಯಾರಾದರೂ ನೋಡಬಹುದು’ ಎಂದು ಹಂಚಿಕೊಂಡ ಗೂಗಲ್ ಶೀಟ್, ಮಹಾಸಭೆಯ ನೋಟಿಸಿನ ಜೊತೆ ಜಾಲತಾಣದಲ್ಲಿ ಹಾಕಿದ ಸದಸ್ಯರ ಪಟ್ಟಿಯ ಪಿಡಿಎಫ್ ಇವೂ ಅಷ್ಟೇ ಅಪಾಯ. ಪದಾಧಿಕಾರಿಗಳೊಳಗೂ ಎಲ್ಲರಿಗೂ ಎಲ್ಲವೂ ಕಾಣಬೇಕಾಗಿಲ್ಲ: ಸಾಂಸ್ಕೃತಿಕ ಕಾರ್ಯದರ್ಶಿಗೆ ಪಾವತಿಯ ವಿವರ ಬೇಡ, ಖಜಾಂಚಿಗೆ ಅರ್ಜಿ ಅಂಗೀಕರಿಸುವ ಅಧಿಕಾರ ಬೇಡ. ಯಾರು ಯಾವಾಗ ಏನನ್ನು ಬದಲಿಸಿದರು ಎಂಬ ದಾಖಲೆ ತಾನಾಗಿ ಉಳಿಯುತ್ತಿರಬೇಕು.

ಇಷ್ಟೆಲ್ಲ ಸಿದ್ಧತೆ ಫಲ ಕೊಡುವುದು ಮಹಾಸಭೆ ಮತ್ತು ಚುನಾವಣೆಯ ಹೊತ್ತಿಗೆ. ಬೈಲಾ ಹೇಳುವ ಅರ್ಹತಾ ದಿನಾಂಕದಂದು ಚಾಲ್ತಿಯಲ್ಲಿದ್ದವರ ಪಟ್ಟಿಯನ್ನು ತೆಗೆದು, ಅದನ್ನು ಬದಲಿಸಲಾಗದ ಪ್ರತಿಯಾಗಿ ಉಳಿಸಿ, ಆಕ್ಷೇಪಣೆಗೆ ಕಾಲಾವಕಾಶ ಕೊಟ್ಟು, ತಿದ್ದುಪಡಿಗಳನ್ನು ಕಾರಣಸಹಿತ ಸೇರಿಸಿ ಅಂತಿಮಗೊಳಿಸಬೇಕು. ಅನಂತರ ಯಾರಾದರೂ ಬಾಕಿ ಕಟ್ಟಿದರೆ ಅವರು ಸದಸ್ಯರಾಗುತ್ತಾರೆ, ಆ ಚುನಾವಣೆಯ ಮತದಾರರಾಗುವುದಿಲ್ಲ; ಈ ಎರಡನ್ನೂ ಬೇರೆಬೇರೆಯಾಗಿ ಹಿಡಿದಿಡಲು ವ್ಯವಸ್ಥೆಗೆ ಬರಬೇಕು.

ಆಜೀವ ಸದಸ್ಯರು ಇಲ್ಲಿ ಒಂದು ವಿಶೇಷ ಸಮಸ್ಯೆ. 1915ರಲ್ಲಿ ಸ್ಥಾಪನೆಯಾದ ಕನ್ನಡ ಸಾಹಿತ್ಯ ಪರಿಷತ್ತಿನಂತೆ ಆಜೀವ ಸದಸ್ಯರೇ ಅಧ್ಯಕ್ಷರನ್ನು ಮತ ಹಾಕಿ ಆರಿಸುವ ದೊಡ್ಡ ಸಂಸ್ಥೆಗಳಿಂದ ಹಿಡಿದು ಬಡಾವಣೆಯ ಸಂಘದವರೆಗೆ, ಒಮ್ಮೆ ಹಣ ಕಟ್ಟಿದವರು ಮತ್ತೆ ನವೀಕರಣಕ್ಕೆ ಬರುವುದೇ ಇಲ್ಲವಾದ್ದರಿಂದ ಅವರ ವಿಳಾಸ ಬದಲಾದದ್ದಾಗಲಿ ಅವರು ತೀರಿಕೊಂಡದ್ದಾಗಲಿ ದಾಖಲೆಗೆ ತಲುಪುವುದಿಲ್ಲ. ನಾನೂರು ಸದಸ್ಯರ ಸಂಘವೊಂದರಲ್ಲಿ ಅರವತ್ತು ಜನ ಈಗಿಲ್ಲದವರು ಎಂದಿಟ್ಟುಕೊಳ್ಳಿ. ಕೋರಂ ಮೂರನೆಯ ಒಂದು ಭಾಗವಾದರೆ ಬೇಕಾಗುವುದು 134 ಜನ, ಬದುಕಿರುವ 340 ಜನರ ಲೆಕ್ಕಕ್ಕೆ 114 ಸಾಕಾಗುತ್ತಿತ್ತು. ಸಭೆ ಕೋರಂ ಇಲ್ಲದೆ ಮುಂದೂಡಿಕೆಯಾಗುವುದರಲ್ಲಿ ಈ ಇಪ್ಪತ್ತು ಜನರ ಪಾತ್ರ ಎಷ್ಟೆಂದು ಯಾವ ಕಾರ್ಯದರ್ಶಿಯೂ ಬಲ್ಲರು. ಆಜೀವ ಸದಸ್ಯರಿಗೆ ಮೂರು ವರ್ಷಕ್ಕೊಮ್ಮೆ ‘ನಿಮ್ಮ ವಿವರ ಸರಿಯಿದೆಯೇ’ ಎಂಬ ಕೊಂಡಿಯನ್ನು ಕಳಿಸಿ, ಉತ್ತರ ಬಾರದವರ ಪಟ್ಟಿಯನ್ನು ಹಿಡಿದು ಕಾರ್ಯಕರ್ತರು ಫೋನಿನಲ್ಲೋ ಮನೆಗೆ ಹೋಗಿಯೋ ವಿಚಾರಿಸಬೇಕು. ಉತ್ತರ ಬರಲಿಲ್ಲವೆಂಬ ಕಾರಣಕ್ಕೆ ಯಾರ ಹೆಸರನ್ನೂ ತಂತ್ರಾಂಶ ತಾನಾಗಿ ತೆಗೆಯಕೂಡದು. ಕುಟುಂಬದವರಿಂದ ಮರಣದ ಮಾಹಿತಿ ಬಂದ ಮೇಲೂ ದಾಖಲೆಯನ್ನು ಅಳಿಸದೆ, ಮುಕ್ತಾಯದ ದಿನಾಂಕವನ್ನು ಬರೆದು, ಜ್ಞಾಪನೆಗಳನ್ನು ನಿಲ್ಲಿಸಬೇಕು. ತೀರಿಕೊಂಡವರ ಹೆಸರಿಗೆ ಹುಟ್ಟುಹಬ್ಬದ ಶುಭಾಶಯ ಹೋಗಿ ಮನೆಯವರು ನೊಂದುಕೊಳ್ಳುವುದು ಇಂಥ ಕಡೆ ಕಾಣುವ ದೊಡ್ಡ ಲೋಪ.

ಯಾವ ತಂತ್ರಾಂಶ ಎಂಬ ಪ್ರಶ್ನೆಯನ್ನು ಇಲ್ಲಿಯವರೆಗೆ ತಡೆದದ್ದು ಉದ್ದೇಶಪೂರ್ವಕವಾಗಿ. ನೂರರೊಳಗಿನ ಸಂಘಕ್ಕೆ ಗೂಗಲ್ ಫಾರ್ಮ್ ಮತ್ತು ಶೀಟ್, ಜೊತೆಗೆ ಶಿಸ್ತಿನ ಖಜಾಂಚಿ ಸಾಕು. ಅದಕ್ಕಿಂತ ದೊಡ್ಡದಾಗಿ, ಒಳಗೇ ತಂತ್ರಜ್ಞರಿದ್ದರೆ ವರ್ಡ್‌ಪ್ರೆಸ್ ಮೇಲೆ ಸಿವಿಸಿಆರ್‌ಎಂ ಕೂರಿಸಬಹುದು. ತಂತ್ರಾಂಶ ಉಚಿತವಾದರೂ ಸರ್ವರಿನ ಬಾಡಿಗೆ ಮತ್ತು ನಿರಂತರ ನವೀಕರಣದ ಶ್ರಮ ಉಚಿತವಲ್ಲ. ಅಂಥವರಿಲ್ಲದಿದ್ದರೆ ಚಂದಾ ಕೊಟ್ಟು ಬಳಸುವ ಸಿದ್ಧ ಸೇವೆಗಳಿವೆ. ಅವುಗಳಲ್ಲಿ ಅನೇಕವು ಸಂಪರ್ಕಗಳ ಸಂಖ್ಯೆಯ ಮೇಲೆ ಡಾಲರಿನಲ್ಲಿ ಶುಲ್ಕ ವಿಧಿಸುತ್ತವೆ, ಬಿಟ್ಟುಹೋದ ಸದಸ್ಯರ ಹಳೆಯ ದಾಖಲೆಗಳೂ ಆ ಲೆಕ್ಕಕ್ಕೆ ಸೇರಬಹುದು. ಯಾವುದನ್ನೇ ಆರಿಸುವ ಮುಂಚೆ ಹತ್ತು ಕಾಲ್ಪನಿಕ ಸದಸ್ಯರನ್ನು ಸೇರಿಸಿ, ಕನ್ನಡದ ಹೆಸರು, ಸದಸ್ಯತ್ವದ ಇತಿಹಾಸ, ರಸೀದಿಗಳು ಸಹಿತ ಎಲ್ಲವೂ ಸಿಎಸ್‌ವಿಯಾಗಿ ಹೊರಗೆ ಬರುತ್ತವೆಯೇ ಎಂದು ನೋಡಬೇಕು. ಬಾರದಿದ್ದರೆ ಆ ಸೇವೆಯನ್ನು ಕೈಬಿಡುವುದು ಲೇಸು.

ಕೊನೆಯದಾಗಿ ಅಧಿಕಾರ ಹಸ್ತಾಂತರ. ಜಾಲತಾಣದ ವಿಳಾಸವಾದ ಡೊಮೇನ್ ಹೆಸರು ಹಿಂದಿನ ಕಾರ್ಯದರ್ಶಿಯ ಸ್ವಂತ ಮಿಂಚಂಚೆಯಲ್ಲಿ, ಗೇಟ್‌ವೇಯ ಒಟಿಪಿ ಹಿಂದಿನ ಖಜಾಂಚಿಯ ಮೊಬೈಲಿನಲ್ಲಿ, ಸರ್ವರಿನ ಪಾಸ್‌ವರ್ಡ್ ಈಗ ಬೇರೆ ಊರಿಗೆ ಹೋದ ಸ್ವಯಂಸೇವಕರ ನೆನಪಿನಲ್ಲಿ ಇರುವ ಸಂಘಗಳು ಬೇಕಾದಷ್ಟಿವೆ. ಖಾತೆಗಳನ್ನೆಲ್ಲ ಕಾರ್ಯದರ್ಶಿ, ಖಜಾಂಚಿ ಎಂಬ ಹುದ್ದೆಯ ಹೆಸರಿನ ಮಿಂಚಂಚೆ ವಿಳಾಸಗಳಿಗೂ ಸಂಘದ ಹೆಸರಿನ ಒಂದು ಸಿಮ್ ಕಾರ್ಡಿಗೂ ಜೋಡಿಸಬೇಕು. ಹೊಸ ಸಮಿತಿ ಬಂದಾಗ ಬ್ಯಾಂಕಿನ ಸಹಿದಾರರನ್ನು ಬದಲಿಸುವಂತೆ ಗೇಟ್‌ವೇಯ ಕೆವೈಸಿಯಲ್ಲಿರುವ ಅಧಿಕೃತ ಸಹಿದಾರರನ್ನೂ ಬದಲಿಸಬೇಕು. ಅದಕ್ಕೆ ಸಮಿತಿಯ ಠರಾವಿನ ಪ್ರತಿ ಬೇಕಾಗುವುದರಿಂದ, ಬ್ಯಾಂಕಿನ ಠರಾವನ್ನು ಬರೆಯುವ ಮೊದಲ ಸಭೆಯಲ್ಲಿಯೇ ಡೊಮೇನ್, ಸರ್ವರ್, ಗೇಟ್‌ವೇ ಮತ್ತು ಸಂದೇಶ ಸೇವೆಗಳ ಹೆಸರುಗಳನ್ನೂ ಅವುಗಳ ನವೀಕರಣದ ದಿನಾಂಕಗಳನ್ನೂ ನಡಾವಳಿ ಪುಸ್ತಕದಲ್ಲಿ ಬರೆಸಿಕೊಳ್ಳುವುದು ಅನುಕೂಲ. ಹೊಸ ಖಜಾಂಚಿ ತಮ್ಮ ಖಾತೆಯಿಂದ ಲಾಗಿನ್ ಆಗಿ, ಒಂದು ರಸೀದಿಯನ್ನು ತೆಗೆದು, ಸದಸ್ಯರ ಪೂರ್ಣ ಪಟ್ಟಿಯನ್ನು ಇಳಿಸಿಕೊಂಡು ನೋಡಿದ ಮೇಲೆಯೇ ಹಳೆಯ ಖಜಾಂಚಿಯ ಪ್ರವೇಶವನ್ನು ರದ್ದುಮಾಡಬೇಕು. ರದ್ದುಮಾಡಿದ ದಿನಾಂಕವನ್ನೂ ಅದೇ ಪುಟದಲ್ಲಿ ಬರೆದು ಇಬ್ಬರೂ ಸಹಿ ಹಾಕಬೇಕು.